ಗುಂಯ್‌ಗುಡುವ ಲೈನು

ಆ ಗುಂಯ್ ಸದ್ದು ನನಗೆ ಮೊದಲು ಕೇಳಿಸಿದ್ದು ಮೂಡುಬಿದಿರೆ ಶಾಖೆಯವರ ಜೊತೆ ಫೋನಿನಲ್ಲಿ ಮಾತಾಡುವಾಗ. ದೂರದಲ್ಲೆಲ್ಲೋ ಅಕ್ಕಿ ಮಿಲ್ಲು ಓಡುತ್ತಿರುವ ಹಾಗೆ, ಸಣ್ಣಗೆ, ಬಿಡದೆ. ಅಲ್ಲಿಯ ಫೋನ್ ಮೇಜಿನಲ್ಲಿ ಕೂರುವ ಅಕ್ಕನಿಗೆ ನಿಮಗೂ ಕೇಳ್ತದಾ ಎಂದು ಕೇಳಿದೆ. ಇಲ್ಲ ಸರ್, ನಿಮ್ಮ ಸ್ವರ ಸ್ಪಷ್ಟ ಉಂಟು ಎಂದರು. ಹಾಗಾದರೆ ತೊಂದರೆ ಒಂದೇ ದಿಕ್ಕಿನದು ಎಂದುಕೊಂಡೆ. ನಮ್ಮ ಕೆಲಸದಲ್ಲಿ ಅದೇನೂ ಹೊಸದಲ್ಲ. ಹೋಗುವ ಮಾತು ಚೆನ್ನಾಗಿದ್ದು ಬರುವ ಮಾತು ಮಾತ್ರ ಕೆಡುವುದುಂಟು.

ನಾನು ಬಂಟ್ವಾಳದ ಒಂದು ಕಂಪೆನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಪಂಪ್‌ಸೆಟ್, ಹುಲ್ಲು ಕತ್ತರಿಸುವ ಯಂತ್ರ, ಸ್ಪ್ರೇಯರ್ ಮಾರಿ, ಕೆಟ್ಟರೆ ರಿಪೇರಿಯನ್ನೂ ಮಾಡಿಕೊಡುವ ಕಂಪೆನಿ. ಮುಖ್ಯ ಕಚೇರಿ ಬಂಟ್ವಾಳದಲ್ಲಿ, ದೊಡ್ಡ ಶಾಖೆಗಳು ಬೆಳ್ತಂಗಡಿಯಲ್ಲಿ ಮತ್ತು ಮೂಡುಬಿದಿರೆಯಲ್ಲಿ, ಗೋದಾಮು ತೋಡಾರಿನಲ್ಲಿ, ಸಿದ್ಧಕಟ್ಟೆಯಂಥ ಕಡೆ ಸಣ್ಣ ಕೌಂಟರುಗಳು. ಗಿರಾಕಿಗಳಿಗೆ ಇರುವುದು ಒಂದೇ ನಂಬರು. ಅವರು ಎಲ್ಲಿಂದ ಕರೆದರೂ ಯಾವ ಶಾಖೆಯಲ್ಲಿ ಕೈ ಖಾಲಿ ಇದೆಯೋ ಅಲ್ಲಿ ಫೋನು ರಿಂಗಾಗಬೇಕು. ಮಾತು ಚೂರು ಚೂರಾಗಿ ನೆಟ್‌ವರ್ಕಿನಲ್ಲಿ ಓಡಿ ಬಂಟ್ವಾಳದ ನಮ್ಮ ಸರ್ವರಿಗೆ ಬಂದು, ಅಲ್ಲಿಂದ ಬೇಕಾದ ಕಡೆಗೆ ಹೋಗಿ, ಮತ್ತೆ ಇಡೀ ಮಾತಾಗಿ ಕಿವಿಗೆ ಬೀಳಬೇಕು. ಚೂರುಗಳು ತಡವಾದರೆ ಮಾತು ತೊದಲುತ್ತದೆ. ಕಳೆದುಹೋದರೆ ಶಬ್ದ ನುಂಗಿಹೋಗುತ್ತದೆ. ಇದೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದರೆ ನಾನೊಬ್ಬ ಕಚೇರಿಯಲ್ಲಿ ಇದ್ದೇನೆಂಬುದೇ ಯಾರಿಗೂ ನೆನಪಾಗುವುದಿಲ್ಲ. ಕೆಟ್ಟರೆ ಎಲ್ಲರಿಗೂ ನಾನೇ ಬೇಕು. ಫೋನು ರಿಂಗಾಗುತ್ತಿಲ್ಲ ಎಂದು ಹೇಳುವುದಕ್ಕೂ ಅವರು ನನಗೆ ಫೋನೇ ಮಾಡುತ್ತಾರೆ. ಹಾಗಾಗಿ ಮೊಬೈಲ್ ಗುನುಗಿದಾಗಲೆಲ್ಲ ಎಲ್ಲೋ ಏನೋ ಕೆಟ್ಟಿತೆಂದೇ ನನಗೆ ಮೊದಲು ಅನಿಸುತ್ತದೆ. ಇಷ್ಟು ವರ್ಷವಾದರೂ ಅದು ಹೋಗಿಲ್ಲ.

ಗುಂಯ್ ಸದ್ದಿಗೆ ಅರ್ಥಿಂಗ್ ಸರಿ ಇಲ್ಲದಿರುವುದೇ ಕಾರಣ ಎಂದು ನನಗೆ ಅನುಮಾನ. ಮೂಡುಬಿದಿರೆಗೆ ಹೋಗಿ, ಶಾಖೆಯ ಹಿಂದೆ ಭೂಮಿಯೊಳಗೆ ಕಂಬಿ ಇಳಿಸಿದ ಗುಂಡಿಯ ಮುಚ್ಚಳ ತೆಗೆಸಿ ಉಪ್ಪು, ಇದ್ದಿಲು ಹಾಕಿಸಿ ನೀರು ಹೊಯ್ಯಿಸಿದೆ. ಹಳೆಯ ವಯರುಗಳನ್ನು ಕಿತ್ತು ಹೊಸತು ಎಳೆಸಿದೆ. ಬಂಟ್ವಾಳಕ್ಕೆ ವಾಪಸು ಬಂದು ಫೋನೆತ್ತಿದರೆ ಮತ್ತೆ ಗುಂಯ್. ಸ್ವಲ್ಪ ದಿನದಲ್ಲಿ ಬೆಳ್ತಂಗಡಿಯ ಲೈನಿನಲ್ಲೂ ಅದೇ. ಸದ್ದಿನ ಜೊತೆಗೆ ಮಾತೂ ಮಂದವಾಗತೊಡಗಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡುವ ಹಾಗೆ. ನಮಗೆ ಲೈನು ಕೊಡುವ ಇಂಟರ್‌ನೆಟ್ ಕಂಪೆನಿಯ ಇಂಜಿನಿಯರನ್ನು ಕರೆಸಿದೆ. ಅವರು ಅರ್ಧ ದಿನ ಪರೀಕ್ಷೆ ಮಾಡಿ, ಲೈನು ಕ್ಲೀನ್ ಉಂಟು ಸರ್, ಒಂದು ಚೂರೂ ಕಳೆದುಹೋಗ್ತಾ ಇಲ್ಲ ಎಂದರು. ನನ್ನ ಕಂಪ್ಯೂಟರೂ ಅದನ್ನೇ ಹೇಳುತ್ತಿತ್ತು. ನನಗೆ ಸಿಟ್ಟು ಬಂತು. ನಿಮ್ಮ ಮೀಟರಿಗೆ ಕಿವಿ ಉಂಟಾ ಎಂದು ಕೇಳಿದೆ. ಅವರು ಪಾಪ, ಚಹಾ ಕುಡಿದು ಹೋದರು.

ನಿಜಕ್ಕೂ ಮಂಡೆಬಿಸಿ ಶುರುವಾದದ್ದು ಬೆಳ್ತಂಗಡಿಯ ಶನಿವಾರದ ನಂತರ.

ಬೆಳ್ತಂಗಡಿ ಶಾಖೆಯ ಮ್ಯಾನೇಜರು ಮುಂಡಾಜೆಯವರು, ನನಗಿಂತ ಹಿರಿಯರು. ಉಳಿದವರೆಲ್ಲ ನನ್ನಲ್ಲಿ ತುಳುವಿನಲ್ಲಿ ಮಾತಾಡಿದರೆ ಇವರು ಕಚೇರಿ ಮಾತನ್ನು ಕನ್ನಡದಲ್ಲೇ ಆಡುವವರು, ನಿಧಾನವಾಗಿ, ಬರೆದಿಟ್ಟುಕೊಂಡು ಓದಿದ ಹಾಗೆ. ಅವರ ಶಾಖೆಯ ಫೋನುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು. ಹಾಕುವಷ್ಟು ಹೊತ್ತು ಅಲ್ಲಿ ಯಾವ ಫೋನೂ ನಡೆಯುವುದಿಲ್ಲ. ಶನಿವಾರ ಮಾಡುವನಾ ಎಂದು ಫೋನಿನಲ್ಲಿ ಕೇಳಿದೆ. "ಶನಿವಾರ ಬೇಗ" ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಅಲ್ಲಿದ್ದೆ. ಮ್ಯಾನೇಜರು ಇನ್ನೂ ಬಂದಿರಲಿಲ್ಲ. ಎಲ್ಲ ಫೋನು ಬಂದ್ ಮಾಡಿ ಕೆಲಸ ಶುರು ಮಾಡಿದೆ.

ಅವತ್ತು ಅವರ ಶಾಖೆಯಲ್ಲಿ ಹಳೆಯ ಪಂಪು ಕೊಟ್ಟು ಹೊಸತು ತೆಗೆದುಕೊಳ್ಳುವ ಮೇಳ ಇತ್ತು. ವಾರದಿಂದ ಆಟೋದಲ್ಲಿ ಮೈಕು ಕಟ್ಟಿ ಊರೂರು ಸಾರಿದ್ದರು, ವಿವರಕ್ಕೆ ಫೋನ್ ಮಾಡಿ ಎಂದು. ಮ್ಯಾನೇಜರು ಬಂದು ಮೇಜುಗಳ ಮೇಲೆ ಸತ್ತು ಮಲಗಿದ ಹಾಗಿದ್ದ ಫೋನುಗಳನ್ನು ನೋಡಿ ಅಲ್ಲೇ ನಿಂತರು. ಸ್ವರ ಏರಿಸಲಿಲ್ಲ.

"ನಾನು ಬೇಡ ಅಂತ ಹೇಳಿದ್ದಲ್ವಾ ಮಾರಾಯ್ರೆ" ಎಂದರು.

ನೀವು ಬೇಗ ಅಂದಿರಿ ಎಂದೆ. ಇಲ್ಲ ಎಂದರು. ಹೌದು ಎಂದೆ. ಅರ್ಧಕ್ಕೆ ನಿಲ್ಲಿಸುವ ಕೆಲಸ ಅದಲ್ಲ, ಮುಗಿಸಲೇಬೇಕು. ಮಧ್ಯಾಹ್ನದವರೆಗೆ ನಾನು ಒಂದೊಂದೇ ಫೋನಿಗೆ ಸಾಫ್ಟ್‌ವೇರ್ ಹಾಕುತ್ತ ಕುಳಿತಿದ್ದೆ. ಬಂದ ಕರೆಗಳೆಲ್ಲ ಬೇರೆ ಶಾಖೆಗಳಿಗೆ ಹೋಗುತ್ತಿದ್ದವು, ಮೇಳದ ವಿವರ ಅಲ್ಲಿಯವರಿಗೆ ಗೊತ್ತಿರಲಿಲ್ಲ. ಶಾಖೆಯ ಹುಡುಗಿಯರು ತಮ್ಮ ತಮ್ಮ ಮೊಬೈಲಿನಿಂದ ಗಿರಾಕಿಗಳನ್ನು ಕರೆಯುತ್ತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ.

ಸೋಮವಾರ ಬಂಟ್ವಾಳದಲ್ಲಿ ಮಾಲಿಕರು ಇಬ್ಬರನ್ನೂ ಕರೆಸಿದರು. ಅವರು ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದವರು, ಮಾತು ಕಡಿಮೆ. ಇಬ್ಬರದೂ ಕೇಳಿ ಆದ ಮೇಲೆ, ನಮ್ಮ ಫೋನೆಲ್ಲ ರೆಕಾರ್ಡ್ ಆಗ್ತದಲ್ಲ, ಹಾಕು ನೋಡುವ ಎಂದರು. ನನಗೆ ಧೈರ್ಯವೇ ಬಂತು. ಆ ಕರೆಯನ್ನು ಹುಡುಕಿ ತೆಗೆದು, ಸ್ಪೀಕರಿನಲ್ಲಿ ಹಾಕಿದೆ.

"ಶನಿವಾರ ಬೇಡ" ಎಂದಿತು ಮ್ಯಾನೇಜರ ಸ್ವರ. ನಿಧಾನವಾಗಿ, ಸ್ಪಷ್ಟವಾಗಿ, ಗುಂಯ್ ಇಲ್ಲದೆ.

ಅದರ ಹಿಂದೆಯೇ ನನ್ನ ಸ್ವರ: "ಆಯ್ತು, ಬೇಗ ಬರ್ತೇನೆ." ಮ್ಯಾನೇಜರು ಅದನ್ನು, ಬೇರೆ ಯಾವುದಾದರೂ ದಿನ ಬೇಗ ಬರುತ್ತೇನೆ ಎಂದು ಅರ್ಥ ಮಾಡಿಕೊಂಡಿದ್ದರಂತೆ.

ಮಾಲಿಕರು ಬೈಯಲಿಲ್ಲ. ಇನ್ನು ಮುಂದೆ ಮೆಸೇಜಿನಲ್ಲೂ ಕೇಳಿಕೊಳ್ಳಿ ಎಂದು ಹೇಳಿ ಕಳಿಸಿದರು. ಕ್ಷಮೆ ಕೇಳಿದೆ, ಮ್ಯಾನೇಜರು ತಲೆಯಾಡಿಸಿದರು. ಆದರೆ ನನ್ನ ತಲೆಯೊಳಗೆ ಬೇರೆಯೇ ಲೆಕ್ಕ ಓಡುತ್ತಿತ್ತು. ಸರ್ವರಿನ ತನಕ ಮಾತು ಚೊಕ್ಕವಾಗಿ ಬಂದಿದೆ. ಹಾಗಾದರೆ ಕೆಡುವುದು ಸರ್ವರಿನಿಂದ ನನ್ನ ಮೇಜಿಗೆ ಬರುವಷ್ಟರಲ್ಲಿ. ಅಂದರೆ ಒಂದು ಗೋಡೆ, ಒಂದು ಕೇಬಲು, ಒಂದು ಫೋನು. ಅವತ್ತೇ ಕೇಬಲು ಬದಲಿಸಿದೆ. ಮರುದಿನ ಫೋನು ಬದಲಿಸಿದೆ. ಅದರ ಮರುದಿನ ಮೇಜನ್ನೇ ಎಳೆದು ಕಿಟಕಿಯ ಪಕ್ಕ ಹಾಕಿದೆ. ಸದ್ದು ಹೋಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಬದಲಿಸಲು ಬಿಚ್ಚಿಟ್ಟಿದ್ದೆವು, ಹಾಗಾಗಿ ಕಚೇರಿ ಪೂರ್ತಿ ಒಮ್ಮೆಲೇ ನಿಂತಿತು. ಫ್ಯಾನು, ಎಸಿ, ಸರ್ವರು, ಸ್ವಿಚ್ಚಿನ ಹಸಿರು ದೀಪಗಳು, ಎಲ್ಲ. ನಾನು ಯಾರಿಗೋ ಫೋನ್ ಮಾಡಲೆಂದು ರಿಸೀವರ್ ಎತ್ತಿ ಎಡಗಿವಿಗೆ ಇಟ್ಟುಕೊಂಡಿದ್ದೆ. ಬಲಗೈಗೆ ಕೀಲಿಮಣೆ ಬೇಕು, ಹಾಗಾಗಿ ಫೋನು ಯಾವಾಗಲೂ ಎಡಗಿವಿಗೇ. ಪರದೆ ಕಪ್ಪಾಗಿತ್ತು. ಕೈಯಲ್ಲಿದ್ದದ್ದು ಬರೀ ಪ್ಲಾಸ್ಟಿಕ್ಕಿನ ತುಂಡು. ಅದರಲ್ಲಿ ಗುಂಯ್ ಎಂದು ಕೇಳುತ್ತಿತ್ತು.

ರಿಸೀವರ್ ಕೆಳಗಿಟ್ಟೆ. ಗುಂಯ್ ಎನ್ನುತ್ತಲೇ ಇತ್ತು.

ಪಕ್ಕದ ಮೇಜಿನವರು, ಎಂತ ಸೆಕೆ ಮಾರಾಯ್ರೆ ಎಂದು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಹೌದು ಎಂದು ನಕ್ಕೆ. ಕರೆಂಟು ಬಂದ ಮೇಲೆ ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಯಂತ್ರಗಳ ಫ್ಯಾನಿನ ಸದ್ದಿಗೆ ಹೊಸಬರಿಗೆ ತಲೆ ಸಿಡಿಯುತ್ತದೆ. ಎಡಗಿವಿಗೆ ಬೆರಳು ತುರುಕಿದೆ. ಫ್ಯಾನುಗಳ ಸದ್ದು ಇದ್ದಷ್ಟೇ ಇತ್ತು. ಅದನ್ನು ತೆಗೆದು ಬಲಗಿವಿಗೆ ತುರುಕಿದೆ. ಎಲ್ಲ ಯಂತ್ರಗಳೂ ಎದ್ದು ಪಕ್ಕದ ಬೀದಿಗೆ ಹೋದ ಹಾಗಾಯಿತು.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಎಂತ? ಮಾತು ಸರಿಯಾಗಿ ಕೇಳುತ್ತದೋ ಇಲ್ಲವೋ ಎಂದು ನೋಡುವುದೇ ನನ್ನ ಕೆಲಸ. ಮಗಳಿನ್ನೂ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಈ ವಯಸ್ಸಿನಲ್ಲಿ ಬೇರೆ ಕೆಲಸಕ್ಕೆ ಎಲ್ಲಿಗೆ ಹೋಗುವುದು? ಫೋನನ್ನು ಬಲಗಿವಿಗೆ ಬದಲಿಸಿ ಎಡಗೈಯಿಂದ ಟೈಪು ಮಾಡಲು ಕಲಿತೆ. ಮೀಟಿಂಗಿನಲ್ಲಿ ಎಲ್ಲರೂ ನನ್ನ ಬಲಕ್ಕೆ ಬರುವ ಹಾಗೆ ಮೂಲೆಯ ಕುರ್ಚಿ ಹಿಡಿಯುತ್ತಿದ್ದೆ. ಅದಕ್ಕಾಗಿ ಎಲ್ಲರಿಗಿಂತ ಮೊದಲು ಹೋಗಿ ಕೂರಬೇಕಿತ್ತು. ಯಾರೋ ಎಡಗಡೆ ಬಂದು ನಿಂತರೆ ಫೈಲು ತೆಗೆಯುವ ನೆವದಲ್ಲಿ ತಿರುಗಿಕೊಳ್ಳುತ್ತಿದ್ದೆ. ಬಿ.ಸಿ. ರೋಡಿನಲ್ಲಿ ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಬಸ್ಸೊಂದು ಅಂಗಿಗೆ ತಾಗಿದ ಹಾಗೆ ಹೋಯಿತು. ಕಂಡಕ್ಟರು ಹೊರಗೆ ಬಾಗಿ ಏನೋ ಬೈದ. ಅದೂ ಪೂರ್ತಿ ಕೇಳಿಸಲಿಲ್ಲ. ಪ್ರತಿದಿನ ಬೆಳಿಗ್ಗೆ ಎದ್ದ ಕೂಡಲೇ ಬಲಗಿವಿಯ ಹತ್ತಿರ ಬೆರಳು ಉಜ್ಜಿ ನೋಡುವುದು ಅಭ್ಯಾಸವಾಯಿತು. ಅದು ಕೇಳಿಸಿದ ಮೇಲೆಯೇ ಹಾಸಿಗೆಯಿಂದ ಇಳಿಯುವುದು.

ಆ ದಿನಗಳಲ್ಲಿ ಮನೆಯಲ್ಲೂ ಏನೋ ಬಿಗಿಯಾಗುತ್ತಿತ್ತು. ನಮ್ಮ ಮನೆ ಸಿದ್ಧಕಟ್ಟೆಯಲ್ಲಿ. ಹೆಂಡತಿ ಅಲ್ಲಿಯೇ ಅಂಗನವಾಡಿಯಲ್ಲಿ ಕಲಿಸುತ್ತಾಳೆ. ಅವಳು ನನ್ನಲ್ಲಿ ಮಾತು ಕಡಿಮೆ ಮಾಡಿದ್ದು ಗಮನಕ್ಕೆ ಬಂದಿತ್ತು, ಆದರೆ ನನ್ನ ಮಂಡೆಯಲ್ಲಿ ಬೇರೆ ಯಾವುದಕ್ಕೂ ಜಾಗ ಇರಲಿಲ್ಲ.

ಒಂದು ಭಾನುವಾರ ಮುಂಡಾಜೆಯಲ್ಲಿರುವ ಅವಳ ಅಕ್ಕನ ಮನೆಗೆ ಮಗುವಿನ ನಾಮಕರಣಕ್ಕೆ ಹೊರಟಿದ್ದೆವು. ಕಾರು ನಾನು ಬಿಡುತ್ತಿದ್ದೆ, ಅವಳು ಪಕ್ಕದಲ್ಲಿ. ಬೆಳ್ತಂಗಡಿ ದಾಟಿದ ಮೇಲೆ ರಸ್ತೆಯ ಕೆಲಸ, ಲಾರಿಗಳು, ಧೂಳು. ಕಿಟಕಿ ಏರಿಸಿ ಎಸಿ ಜೋರು ಮಾಡಿದೆ. ತುಂಬ ಹೊತ್ತಿನ ಮೇಲೆ ಅವಳ ಕಡೆ ನೋಡಿದರೆ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ರಸ್ತೆ ಬದಿಗೆ ಕಾರು ನಿಲ್ಲಿಸಿದೆ. ಎಂತಾಯ್ತು ಎಂದೆ.

"ನನ್ನ ಮೇಲೆ ಎಂತದು ಸಿಟ್ಟು ನಿಮಗೆ?" ಎಂದು ತುಳುವಿನಲ್ಲಿ ಕೇಳಿದಳು. ಈ ಕಡೆ ಪೂರ್ತಿ ತಿರುಗಿ ಕೇಳಿದ್ದರಿಂದ ನನಗದು ಕೇಳಿಸಿತು. "ಮೂರು ಸಲ ಕೇಳಿದೆ. ಒಂದಕ್ಕಾದರೂ ಹೂಂ ಅನ್ನಬಾರದಾ? ಅಡುಗೆಕೋಣೆಯಲ್ಲಿ ಕೂಡ ಹಾಗೇ ಮಾಡ್ತೀರಿ. ಕಾರಿನಲ್ಲಿ ಅಂತೂ ನಾನು ಇದ್ದೇನೆ ಅಂತಲೇ ಇಲ್ಲ ನಿಮಗೆ. ಬೇಡವಾದರೆ ಬೇಡ ಅಂತ ಹೇಳಿಬಿಡಿ."

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಕಾರಿನಲ್ಲಿ ಅವಳು ಕೂರುವುದು ನನ್ನ ಎಡಗಡೆ. ಎಷ್ಟೋ ವಾರಗಳಿಂದ ಅವಳು ನನ್ನ ಕೆಟ್ಟ ಕಿವಿಯ ಜೊತೆ ಮಾತಾಡುತ್ತಿದ್ದಳು. ಕಚೇರಿಯಲ್ಲಿ ಒಬ್ಬೊಬ್ಬರು ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ಲೆಕ್ಕ ಇಟ್ಟವನು ಮನೆಯವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಸಿಟ್ಟಲ್ಲ" ಎಂದೆ. "ನನಗೆ ಆ ಕಿವಿ ಕೇಳ್ತಾ ಇಲ್ಲ."

ಮೊದಲು ಅವಳಿಗೆ ನಾನು ತಮಾಷೆ ಮಾಡುತ್ತೇನೆಂದು ಅನಿಸಿರಬೇಕು. ನಂತರ ನನ್ನ ಮುಖ ನೋಡಿ, ಅಲ್ಲ ಎಂದು ಗೊತ್ತಾಯಿತು. ಯಾವತ್ತಿನಿಂದ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಯಾರಿಗೆ ಹೇಳಿದ್ದೀರಿ ಎಂದಳು. ಯಾರಿಗೂ ಇಲ್ಲ. ಕಾರಿನ ಪಕ್ಕದಲ್ಲೇ ಲಾರಿಗಳು ಹೋಗುವಾಗ ಕಾರು ಅಲುಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಅತ್ತಳು, ಈ ಸಲ ಸಮಾಧಾನಕ್ಕೋ ಹೆದರಿಕೆಗೋ ನನಗೆ ತಿಳಿಯಲಿಲ್ಲ. ಆಮೇಲೆ, ನಾಮಕರಣಕ್ಕೆ ತಡವಾಗ್ತದೆ ಹೋಗುವ, ನಾಳೆಯೇ ಡಾಕ್ಟರಲ್ಲಿಗೆ ಎಂದಳು. ಅಲ್ಲಿ ಊಟಕ್ಕೆ ಕೂತಾಗ ನನ್ನ ಎಡಗಡೆಯಲ್ಲಿ ಯಾರೂ ಕೂರದ ಹಾಗೆ ತಾನೇ ಬಂದು ಕೂತಳು. ಆ ಕಡೆಯಿಂದ ಯಾರಾದರೂ ಮಾತಾಡಿಸಿದರೆ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದಳು.

ಮೂಡುಬಿದಿರೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಎಡಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿದೆ ಎಂದರು. ಡ, ಗದಂಥ ಅಕ್ಷರಗಳನ್ನು ಬೇರೆ ಮಾಡಿ ತೋರಿಸುವ ಸಣ್ಣ ಸದ್ದುಗಳು ಮೊದಲು ಹೋಗುತ್ತವಂತೆ, ಹಾಗಾಗಿ ಮಾತು ಕೇಳುತ್ತದೆ ಆದರೆ ಶಬ್ದ ತಪ್ಪುತ್ತದೆ. ಕಿವಿಯಿಂದ ಹೋಗುವ ನರ ಸೋತಾಗ ಮಿದುಳು ತಾನೇ ಒಂದು ಸದ್ದು ಹುಟ್ಟಿಸಿಕೊಳ್ಳುತ್ತದೆ, ಆ ಗುಂಯ್ ಅದೇ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದೇ ಕಿವಿ ಹೀಗಾದರೆ ಒಳಗೆ ಗಡ್ಡೆ ಇಲ್ಲವೆಂದು ನೋಡಿಕೊಳ್ಳುವುದು ಒಳ್ಳೆಯದು, ಮಂಗಳೂರಿನಲ್ಲಿ ಒಂದು ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದರು. ಸಾಮಾನ್ಯವಾಗಿ ಏನೂ ಇರುವುದಿಲ್ಲ ಎಂದೂ ಸೇರಿಸಿದರು. ಆ ಸಾಮಾನ್ಯವಾಗಿ ಎಂಬ ಮಾತನ್ನು ನಾನು ಬಸ್ಸಿನಲ್ಲಿ, ಊಟದಲ್ಲಿ, ನಿದ್ದೆಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ.

ಸ್ಕ್ಯಾನಿನ ರಿಪೋರ್ಟು ಬರುವವರೆಗೆ ಕಚೇರಿಯಲ್ಲಿ ನಾನು ಏನು ಮಾಡಿದೆನೆಂದು ಈಗ ನೆನಪಿಲ್ಲ. ತೋಡಾರಿನ ಗೋದಾಮಿನಲ್ಲಿ ಇಲಿ ಕಡಿದ ಕೇಬಲು ಜೋಡಿಸಲು ಹೋಗಿದ್ದು ಮಾತ್ರ ನೆನಪಿದೆ. ಪಂಪುಗಳ ರಟ್ಟಿನ ಪೆಟ್ಟಿಗೆಗಳ ನಡುವೆ ಮೊಣಕಾಲೂರಿ ಕುಳಿತು, ಬಣ್ಣ ಬಣ್ಣದ ಎಳೆಗಳನ್ನು ಬಿಡಿಸುತ್ತ, ತಲೆಯೊಳಗೆ ಗಡ್ಡೆ ಇದ್ದರೆ ಅದು ಎಷ್ಟು ದೊಡ್ಡದಿರಬಹುದು ಎಂದು ಯೋಚಿಸುತ್ತಿದ್ದೆ. ಅಲ್ಲಿಗೇ ಹೆಂಡತಿಯ ಫೋನು ಬಂತು. ರಿಪೋರ್ಟು ಅವಳೇ ತಂದಿದ್ದಳು, ಡಾಕ್ಟರಿಗೂ ತೋರಿಸಿದ್ದಳು. ಬಲಗಿವಿಗೆ ಒತ್ತಿ ಹಿಡಿದುಕೊಂಡೆ.

"ಗಡ್ಡೆ ಇಲ್ಲ" ಎಂದಳು. "ಸರಿ ಕೇಳಿಸಿತಾ? ಇಲ್ಲ ಅಂದದ್ದು. ಇಲ್ಲ."

ಕೇಳಿಸಿತು ಎಂದೆ. ರಟ್ಟಿನ ಪೆಟ್ಟಿಗೆಗೆ ಒರಗಿ ಕುಳಿತೆ. ಆಮೇಲೆ ಉಳಿದ ಎಳೆಗಳನ್ನು ಜೋಡಿಸಿದೆ.

ಹೋದ ಕಿವಿ ಹೋದದ್ದೇ, ಕೇಳಿಸುವ ಯಂತ್ರ ಹಾಕಿಕೊಳ್ಳಬಹುದು, ಬಲಗಿವಿಯನ್ನು ವರ್ಷಕ್ಕೊಮ್ಮೆ ನೋಡಿಸಬೇಕು ಎಂದರು ಡಾಕ್ಟರು. ಅದೂ ಹೀಗೆ ಆಗುತ್ತದಾ ಎಂದು ಕೇಳಿದ್ದಕ್ಕೆ, ಆಗಬೇಕೆಂದಿಲ್ಲ, ಆಗುವುದಿಲ್ಲ ಎಂದೂ ಹೇಳಲಿಕ್ಕಾಗುವುದಿಲ್ಲ ಎಂದರು.

ಮಾಲಿಕರಿಗೆ ಹೇಳಲೇಬೇಕಿತ್ತು. ಯಂತ್ರ ಹಾಕಿಕೊಂಡು ಹೋದರೆ ಹೇಗೂ ಕಾಣುತ್ತದೆ. ಅವರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬೆಳ್ತಂಗಡಿಯ ಶನಿವಾರದ ವಿಷಯವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇನ್ನೊಂದು ಕಿವಿ?"

"ಈಗ ಸರಿ ಉಂಟು."

"ಮುಂದೆ?"

"ಗೊತ್ತಿಲ್ಲ" ಎಂದೆ.

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೇಜಿನ ಖಾನೆ ಖಾಲಿ ಮಾಡಿಯಾಗಿತ್ತು. ಕೊನೆಗೆ ಅವರು, ಕೇಬಲು, ಸರ್ವರು, ಅದೆಲ್ಲ ನೋಡಲಿಕ್ಕೆ ಕಣ್ಣು ಸಾಕಲ್ಲ, ಕೇಳಿ ನೋಡುವ ಕೆಲಸಕ್ಕೆ ಮಾತ್ರ ಇನ್ನೊಬ್ಬರನ್ನು ಜೊತೆಗೆ ಇಟ್ಟುಕೋ, ಮೂಡುಬಿದಿರೆಯ ಫೋನ್ ಮೇಜಿನ ಅಕ್ಕನಿಗೆ ಹೇಳ್ತೇನೆ ಎಂದರು. ನಾನು ಬಾಗಿಲ ಹತ್ತಿರ ಹೋದಾಗ, ಸದ್ಯಕ್ಕೆ ಹೀಗೆ ನಡೆಯಲಿ ಎಂದರು. ಆ ಸದ್ಯಕ್ಕೆ ಎಂಬುದೂ ಡಾಕ್ಟರ ಸಾಮಾನ್ಯವಾಗಿ ಎಂಬುದರ ಪಕ್ಕದಲ್ಲಿ ಹೋಗಿ ಕೂತುಕೊಂಡಿತು.

ಈಗ ಬೆಳಿಗ್ಗೆ ಮೂಡುಬಿದಿರೆಯ ಅಕ್ಕ ಮತ್ತು ನಾನು ಎಲ್ಲ ಲೈನುಗಳನ್ನು ಪರೀಕ್ಷೆ ಮಾಡುತ್ತೇವೆ. ಮೊದಲೆಲ್ಲ ಹಲೋ ಹಲೋ ಎನ್ನುತ್ತಿದ್ದೆವು. ಅದರಲ್ಲಿ ಅಕ್ಷರ ಕೆಟ್ಟದ್ದು ಗೊತ್ತಾಗುವುದಿಲ್ಲ. ಹಾಗಾಗಿ ಅಕ್ಕ ಆ ಕಡೆಯಿಂದ ಏನಾದರೂ ಹೇಳುತ್ತಾರೆ, ನಾನು ಕೇಳಿಸಿದ್ದನ್ನು ಹಾಗೆಯೇ ತಿರುಗಿ ಹೇಳಬೇಕು. ಬಸಳೆ ಪದಾರ್ಥಕ್ಕೆ ಸೀಗಡಿ ಹಾಕಿದ್ದು, ಬಸ್ಸಿನಲ್ಲಿ ಸೀಟು ಸಿಗದ್ದು, ಸೊಸೆ ಬಹರೈನಿನಿಂದ ಬರುವುದು ಮುಂದೆ ಹೋದದ್ದು. ತಪ್ಪು ಹೇಳಿದರೆ ಅಕ್ಕ ನಗುವುದಿಲ್ಲ. ಇನ್ನೊಮ್ಮೆ ಹೇಳ್ತೇನೆ ಸರ್ ಎನ್ನುತ್ತಾರೆ. ಆಮೇಲೆ ಅವರು ಕೇಳುತ್ತಾರೆ, ನಾನು ಹೇಳುತ್ತೇನೆ. ಇಬ್ಬರಿಗೂ ತಪ್ಪಿದರೆ ಲೈನಿನದು, ನನಗೊಬ್ಬನಿಗೇ ತಪ್ಪಿದರೆ ಹೆಚ್ಚಾಗಿ ನನ್ನದು, ಹಾಗೆ ಬೇರೆ ಮಾಡುತ್ತೇವೆ.

ಬೆಳ್ತಂಗಡಿಯ ಮ್ಯಾನೇಜರಿಗೆ ನಾನೇ ಹೋಗಿ ಹೇಳಿದೆ. ಅವತ್ತು ನಾನು ಸುಳ್ಳು ಹೇಳುತ್ತಿದ್ದೇನೆಂದು ತಿಳಿದಿದ್ದರಂತೆ, ಹಾಗೆ ತಿಳಿದದ್ದಕ್ಕೆ ಈಗ ಬೇಸರವಾಗ್ತದೆ ಎಂದರು. ಆ ಮೇಲೆ ಅವರು ನನ್ನ ಹತ್ತಿರ ಯಾವ ಕಡೆ ನಿಂತರೂ ಜೋರಾಗಿಯೇ ಮಾತಾಡುತ್ತಾರೆ. ಬಲಗಡೆ ನಿಂತು ಮಾತಾಡುವಾಗ ನನಗೆ ಕಿವಿ ಮುಚ್ಚಿಕೊಳ್ಳುವಷ್ಟಾಗುತ್ತದೆ. ಆದರೆ ಹೇಳುವ ಮನಸ್ಸಾಗುವುದಿಲ್ಲ.

ಹೆಂಡತಿ ಡ್ರೈವಿಂಗ್ ಕಲಿತಳು. ಅವಳು ಕಾರು ಬಿಟ್ಟರೆ ನಾನು ಅವಳ ಎಡಕ್ಕೆ, ಅವಳು ನನ್ನ ಬಲಕ್ಕೆ. ತಿರುವುಗಳಲ್ಲಿ ಅವಳು ಮಾತಾಡುತ್ತ ಓವರ್‌ಟೇಕ್ ಮಾಡುವಾಗ ನಾನು ಇಲ್ಲದ ಬ್ರೇಕನ್ನು ತುಳಿಯುತ್ತೇನೆ. ರಸ್ತೆ ನೋಡು ಎನ್ನುತ್ತೇನೆ. ನೋಡ್ತಾ ಇದ್ದೇನೆ ಎನ್ನುತ್ತಾಳೆ.

ಕಳೆದ ವಾರ ವರ್ಷದ ಪರೀಕ್ಷೆಗೆ ಹೋಗಿದ್ದೆ. ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿದರೆ ಒತ್ತಬೇಕು. ಸದ್ದು ಸಣ್ಣದಾಗುತ್ತ ಹೋದ ಹಾಗೆ ಕೇಳಿಸಿದ್ದು ಯಾವುದು, ಕೇಳಿಸಲಿ ಎಂದು ನಾನು ಬಯಸಿದ್ದು ಯಾವುದು ಎಂದು ತಿಳಿಯುವುದಿಲ್ಲ. ಒತ್ತದಿದ್ದರೆ ಕಿವಿ ಹೋಯಿತೆಂದು ಬರೆಯುತ್ತಾರೋ ಎಂದು ಹೆದರಿಕೆ. ಸುಮ್ಮನೆ ಒತ್ತಿದರೆ ಸುಳ್ಳಾಗುತ್ತದೆಂದು ಇನ್ನೊಂದು ಹೆದರಿಕೆ. ಮುಗಿದ ಮೇಲೆ ಡಾಕ್ಟರು ಹಳೆಯ ಗ್ರಾಫನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಬಲಗಿವಿಯ ಗೆರೆ ಒಂದು ಕಡೆ ಸ್ವಲ್ಪ ಇಳಿದಿದೆ, ವಯಸ್ಸಿನದ್ದಿರಬಹುದು, ಮುಂದಿನ ವರ್ಷ ನೋಡುವ ಎಂದರು.

ಹೊರಗೆ ಬಂದು ಯಂತ್ರವನ್ನು ಎಡಗಿವಿಗೆ ಸಿಕ್ಕಿಸಿಕೊಂಡೆ. ಮೊಬೈಲು ಗುನುಗಿತು. ಸಿದ್ಧಕಟ್ಟೆಯ ನಮ್ಮ ಕೌಂಟರಿನವರು, ಫೋನು ರಿಂಗಾಗುತ್ತಿಲ್ಲ ಎಂದರು. ಎರಡು ಸಲ ಹೇಳಿಸಿ, ರಿಂಗಾಗುತ್ತಿಲ್ಲ ಎಂದೇ ತಾನೇ ಎಂದು ಖಾತ್ರಿ ಮಾಡಿಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದೆ.